ಅಮಾನಿಕೆರೆಯಿಂದ ಅಳಿವೆವರೆಗೆ: ಗೆಳೆಯರ ಜತೆ ದೋಣಿಯಲ್ಲಿ ಸುತ್ತುವುದು ಹೇಗೆ?

ಊರಿಗೆ ಗೆಳೆಯರು ಬಂದರೆ ನಾವು ತುಮಕೂರಿನವರು ದೇವರಾಯನದುರ್ಗ ಹತ್ತಿಸುತ್ತೇವೆ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿಸುತ್ತೇವೆ. ಈ ಸಲ ಕಲಬುರಗಿಯಿಂದ ಬಂದ ನನ್ನ ಹಾಸ್ಟೆಲ್ ಗೆಳೆಯರಿಗೆ ನೀರು ನೋಡಬೇಕಿತ್ತು. ಅಮಾನಿಕೆರೆ ತೋರಿಸಿದರೆ ನಕ್ಕುಬಿಟ್ಟರು. ಸರಿ, ಹೊನ್ನಾವರಕ್ಕೆ ಹೋಗಿ ಇಡೀ ದೋಣಿಯನ್ನೇ ಗೊತ್ತು ಮಾಡಿಕೊಂಡು ಶರಾವತಿಯಲ್ಲಿ ಸುತ್ತಿದೆವು. ನಡುವೆ ಒಂದೂವರೆ ಗಂಟೆ ಮರಳಿನ ಮೇಲೆ ಕೂತಿದ್ದೂ ಆಯ್ತು. ನೀವು ಹಾಗೆ ಕೂರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿಚಾರಿಸಬೇಕಾದದ್ದು ದೋಣಿಯ ಬಾಡಿಗೆಯನ್ನಲ್ಲ, ನೀರಿನ ಹೊತ್ತನ್ನು. ಕಡಲು ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು 6 ಗಂಟೆ. ಈ ಹೊತ್ತು ದಿನಾ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹೋದ ವಾರ ಹೋಗಿಬಂದವರ ಸಮಯ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಜಾಲತಾಣದಲ್ಲಿ ಉಬ್ಬರ-ಇಳಿತದ ಹೊತ್ತೂ ಅಲೆಯ ಎತ್ತರದ ಮುನ್ಸೂಚನೆಯೂ ಸಿಗುತ್ತವೆ. ಗೋಡೆಯ ಕ್ಯಾಲೆಂಡರನ್ನೂ ಒಮ್ಮೆ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರಿನ ಏರಿಳಿತ ಜಾಸ್ತಿ, ಅಷ್ಟಮಿ ಆಸುಪಾಸು ಕಮ್ಮಿ.

ನಾವು ಹೋಗಿದ್ದು ಹುಣ್ಣಿಮೆಯ ಮಾರನೇ ದಿನ, ಅದೂ ನೀರು ಇಳಿಯುವಾಗ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ಕಾಲುವೆಗೆ ನುಗ್ಗಿದೆವು. ಅಡಿಯಲ್ಲಿ ಕರ್ರ್ ಎಂದಿತು. ಇಂಜಿನ್ ಹಿಂದಿನ ನೀರು ಚಹಾದ ಬಣ್ಣಕ್ಕೆ ತಿರುಗಿತು. ದೋಣಿಯವರು ಇಂಜಿನ್ ಎತ್ತಿ, ಗಳ ಊರಿ ತಳ್ಳಿದರು. ಗಳ ಮೊಣಕಾಲುದ್ದ ಹೂತಿತೇ ಹೊರತು ದೋಣಿ ಅಲುಗಲಿಲ್ಲ. ‘ಏನ್ರಿ, ದೋಣಿ ಕೆಟ್ಟದೇನು?’ ಎಂದ ಗೆಳೆಯ. ‘ದೋಣಿಗೇನೂ ಆಗ್ಲಿಲ್ಲ, ನೀರು ಬರ್ಬೇಕು’ ಎಂದು ಅವರು ತಲೆಗೆ ಟವೆಲ್ ಸುತ್ತಿಕೊಂಡು ಕೂತರು. ಇಳಿತದ ಕೊನೆಗೆ ಸಿಕ್ಕಿಕೊಂಡಿದ್ದು ನಮ್ಮ ಪುಣ್ಯ. ಇಳಿತ ಶುರುವಾದಾಗಲೇ ಸಿಕ್ಕಿಕೊಂಡಿದ್ದರೆ ಇಡೀ ದಿನ ಅಲ್ಲೇ ಕಳೆಯಬೇಕಿತ್ತು. ಆದ್ದರಿಂದ ಕಾಲುವೆಗೆ ಹೋಗುವುದಿದ್ದರೆ ನೀರು ಏರುವಾಗಲೇ ಹೋಗಿ. ಆಗ ತಳ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿಬಿಡುತ್ತದೆ.

ತಿಂಗಳು ಆರಿಸುವುದು ಸುಲಭ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು, ಮಳೆಗಾಲ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ಬಂದ್. ಯಂತ್ರದ ಮೀನುಗಾರಿಕೆ ದೋಣಿಗಳೇ ಇಳಿಯದ ಹೊತ್ತಿನಲ್ಲಿ ನಮಗೇನು ಕೆಲಸ, ಅಲ್ವಾ? ತಿಪಟೂರು, ಶಿವಮೊಗ್ಗ, ಸಾಗರದ ದಾರಿಯಾಗಿ ಹೊನ್ನಾವರ ಸುಮಾರು 350 ಕಿ.ಮೀ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರಾಗುತ್ತದೆ, ಬೆಳಗ್ಗೆ ಹೊರಡುವುದೇ ಚೆಂದ.

ದೋಣಿ ಹತ್ತುವ ಮುಂಚೆ ಎಷ್ಟು ಜನಕ್ಕೆ ಪರವಾನಗಿ ಇದೆ ಎಂದು ಕೇಳಿ, ಅದಕ್ಕಿಂತ ಒಬ್ಬರೂ ಹೆಚ್ಚಿಗೆ ಬೇಡ. ಲೈಫ್ ಜಾಕೆಟ್ ಹಾಕಿ, ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಅದು ಗಲ್ಲ ದಾಟಿ ಮುಖಕ್ಕೆ ಬಂದರೆ ಸಡಿಲ ಎಂದರ್ಥ. ಬೇರೆ ಕೇಳಿ, ಸಂಕೋಚ ಬೇಡ. ಜಾಕೆಟ್ಟನ್ನು ಸೀಟಿನ ಕೆಳಗಿಟ್ಟು ಫೋಟೊಗೆ ನಿಲ್ಲುವ ಗೆಳೆಯರನ್ನು ಮುಲಾಜಿಲ್ಲದೆ ಬೈಯಿರಿ.

ಜೋಗದಲ್ಲಿ ಧುಮುಕಿದ ನದಿ ಕಡಲಿಗೆ ಸೇರುವ ಜಾಗವೇ ಅಳಿವೆ. ಅದನ್ನು ದಾಟಿ ಕಡಲಿಗೆ ಹೋಗೋಣ ಎಂದು ಗೆಳೆಯರು ಹಟ ಮಾಡುತ್ತಾರೆ. ಅಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಿರುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ಬರುವ ಅಲೆ ನೆಟ್ಟಗೆ ಎದ್ದು ಒಡೆಯುತ್ತದೆ. ದೋಣಿಯವರು ಬೇಡ ಅಂದರೆ ಮುಗಿಯಿತು, ಐನೂರು ಜಾಸ್ತಿ ಕೊಡುತ್ತೇನೆ ಎನ್ನಬೇಡಿ. ನನ್ನ ಕೇಳಿದರೆ ಬಯಲುಸೀಮೆಯ ನಮಗೆ ಒಳಗಿನ ನದಿಯೇ ಸಾಕು. ಕರಾವಳಿ ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554, ಈ ಎರಡು ನಂಬರ್ ಫೋನಿನಲ್ಲಿರಲಿ. ಫೋನ್ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಹೊಟ್ಟೆ ತೊಳಸುವವರನ್ನು ದೋಣಿಯ ನಡುವೆ ಕೂರಿಸಿ, ದೂರದ ದಡ ನೋಡಲು ಹೇಳಿ. ಮೊಬೈಲ್ ನೋಡಿದಷ್ಟೂ ವಾಂತಿ ಹತ್ತಿರ. ಬೋಂಡ, ವಡೆ ಬೇಡ. ಇಡ್ಲಿ, ಚಟ್ನಿಪುಡಿ, ಬೇಕೆನಿಸುವುದಕ್ಕಿಂತ ಎರಡು ಬಾಟಲಿ ಹೆಚ್ಚು ನೀರು ಇಟ್ಟುಕೊಳ್ಳಿ. ಮರಳಿನ ಮೇಲೆ ಕೂತಾಗ ನಮ್ಮ ಹತ್ತಿರ ಇದ್ದದ್ದು ಒಂದೇ ಬಾಟಲಿ, ಕುಡಿಯುವವರು ಏಳು ಜನ.