ಕಸ್ಟಮ್ ಬೈಕಿನ ಚೈನ್: ಸಡಿಲದ ಅಳತೆ ನೀವೇ ಕಂಡುಕೊಳ್ಳಬೇಕು

ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಮೇಲಿನ ಸ್ಟಿಕರಿನಲ್ಲಿ ಚೈನ್ ಸಡಿಲ, ಅಂದರೆ ಕೆಳಗಿನ ಚೈನಿನ ನಡುಭಾಗ ಮೇಲೆ ಕೆಳಗೆ ಆಡುವ ಅಳತೆ, 25–35 ಮಿ.ಮೀ. ಎಂದೋ ಮತ್ತೊಂದೋ ಬರೆದಿರುತ್ತದೆ. ಆ ಅಂಕಿ ಕಂಪನಿಯಿಂದ ಬಂದ ಶಾಕ್ಸ್, ಸ್ವಿಂಗ್‌ಆರ್ಮ್, ಸ್ಪ್ರಾಕೆಟ್‌ಗಳಿಗೆ (ಚೈನ್ ಕೂರುವ ಹಲ್ಲಿನ ಚಕ್ರಗಳಿಗೆ) ಲೆಕ್ಕ ಹಾಕಿದ್ದು. ಶಾಕ್ಸ್ ಉದ್ದ ಬದಲಾಯಿತು, ಸ್ವಿಂಗ್‌ಆರ್ಮ್ ಉದ್ದವಾಯಿತು, ಎಂಜಿನ್ ಕೂತ ಜಾಗ ಸ್ವಲ್ಪ ಸರಿಯಿತು ಎಂದರೆ ಅದನ್ನು ನಂಬಬೇಡಿ.

ಮುಂದಿನ ಸ್ಪ್ರಾಕೆಟ್‌ನ ಕೇಂದ್ರವೂ ಸ್ವಿಂಗ್‌ಆರ್ಮ್ ಪಿವಟ್‌ನ (ಅದು ಫ್ರೇಮಿಗೆ ಸೇರಿ ತಿರುಗುವ ಕೀಲಿನ) ಕೇಂದ್ರವೂ ಸಾಮಾನ್ಯವಾಗಿ ಬೇರೆ ಬೇರೆ ಜಾಗದಲ್ಲಿರುತ್ತವೆ. ಹಾಗಾಗಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್, ಪಿವಟ್, ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಮೂರೂ ಒಂದೇ ಗೆರೆಯಲ್ಲಿ ಬಂದಾಗ ದೂರ ಅತಿ ಹೆಚ್ಚು, ಚೈನ್ ಅತಿ ಬಿಗಿ. ಆ ಹಂತದಲ್ಲಿ ಸಡಿಲ ಉಳಿಯದಿದ್ದರೆ ಗುಂಡಿಗೆ ಬಿದ್ದಾಗಲೆಲ್ಲ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ಬೇರಿಂಗ್ ಏಟು ತಿನ್ನುತ್ತದೆ, ಸಸ್ಪೆನ್ಷನ್ ಪೂರ್ತಿ ಕೆಳಗಿಳಿಯದಂತೆ ಚೈನ್ ತಡೆಯುತ್ತದೆ. ಚೈನ್ ತುಂಡಾದರೆ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಹೊರಕವಚ) ಒಡೆಯುವುದೂ ಉಂಟು.

ಅಳತೆ ಕಂಡುಹಿಡಿಯಲು ಫ್ರೇಮ್ ಕೆಳಗೆ ಗಟ್ಟಿ ಆಧಾರ ಕೊಟ್ಟು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ. ಎರಡೂ ಶಾಕ್ಸ್ ಬಿಚ್ಚಿ. ಮೋನೋಶಾಕ್ ಆದರೆ ಕೆಳಗಿನ ಬೋಲ್ಟ್ ತೆಗೆದರೆ ಸಾಕು. ಜ್ಯಾಕ್‌ನಿಂದ ಚಕ್ರವನ್ನು ನಿಧಾನವಾಗಿ ಎತ್ತುತ್ತಾ, ಮೂರು ಕೇಂದ್ರಗಳ ಮೇಲೆ ದಾರ ಎಳೆದು ಹಿಡಿದು, ಒಂದೇ ಗೆರೆಗೆ ತನ್ನಿ. ಚೈನನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಅತಿ ಬಿಗಿಯಾದ ಜಾಗ ಹುಡುಕಿ. ಅಲ್ಲಿ ಕೆಳಗಿನ ಚೈನಿನ ನಡುಭಾಗ ಒಟ್ಟು 10–15 ಮಿ.ಮೀ. ಆಡುವಂತೆ ಅಡ್ಜಸ್ಟರ್ (ಆಕ್ಸಲನ್ನು ಹಿಂದೆ ಮುಂದೆ ಸರಿಸುವ ಬೋಲ್ಟ್) ಇಡಿ. ಈಗ ಶಾಕ್ಸ್ ಮರಳಿ ಹಾಕಿ, ಮುಂದೆ ಯಾವಾಗಲೂ ಅಳೆಯುವ ಭಂಗಿಯಲ್ಲಿ, ಅಂದರೆ ಸೈಡ್ ಸ್ಟ್ಯಾಂಡಾದರೆ ಸೈಡ್ ಸ್ಟ್ಯಾಂಡ್‌ನಲ್ಲೇ ನಿಲ್ಲಿಸಿ, ಅದೇ ಜಾಗದ ಸಡಿಲ ಅಳೆಯಿರಿ. 30 ಬಂದರೂ 45 ಬಂದರೂ ನಿಮ್ಮ ಬೈಕಿನ ಅಂಕಿ ಅದೇ. ಸ್ವಿಂಗ್‌ಆರ್ಮ್ ಒಳಬದಿಗೆ ಪೇಂಟ್ ಪೆನ್ನಿನಲ್ಲಿ ಬರೆದಿಡಿ. ಹಿಂದೆ ಸಸ್ಪೆನ್ಷನ್ನೇ ಇಲ್ಲದ ಹಾರ್ಡ್‌ಟೇಲ್ ಫ್ರೇಮಿಗೆ ಈ ಸರ್ಕಸ್ ಬೇಡ. ಬಿಗಿ ಜಾಗದಲ್ಲಿ 20 ಮಿ.ಮೀ. ಸಾಕು.

ಒಂದೇ ಸುತ್ತಿನಲ್ಲಿ ಬಿಗಿ ಜಾಗಕ್ಕೂ ಸಡಿಲ ಜಾಗಕ್ಕೂ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅಡ್ಜಸ್ಟರ್ ಮುಟ್ಟಿ ಪ್ರಯೋಜನವಿಲ್ಲ. ಚೈನ್ ಅಸಮವಾಗಿ ಸವೆದಿದೆ, ಇಲ್ಲವೇ ಹಿಂದಿನ ಸ್ಪ್ರಾಕೆಟ್ ಹಬ್ಬಿನ (ಚಕ್ರದ ನಡುಭಾಗದ) ಮೇಲೆ ನಡುವಿಗೆ ಸರಿಯಾಗಿ ಕೂತಿಲ್ಲ. ಹಬ್ ಕೈಯಲ್ಲಿ ಮಾಡಿಸಿದ್ದಾದರೆ ಮೊದಲ ಅನುಮಾನ ಎರಡನೆಯದರ ಮೇಲಿರಲಿ.

ಇನ್ನು ಚಕ್ರ, ಸ್ಪ್ರಾಕೆಟ್‌ಗಳು ನೇರ ಇರುವ ವಿಷಯ. ಕೈಯಲ್ಲಿ ವೆಲ್ಡ್ ಮಾಡಿದ ಸ್ವಿಂಗ್‌ಆರ್ಮ್ ಮೇಲಿನ ಆಕ್ಸಲ್ ಜಾಗದ ಗುರುತುಗಳು ಅಲಂಕಾರಕ್ಕೆ ಮಾತ್ರ. ಪಿವಟ್ ಕೇಂದ್ರದಿಂದ ಆಕ್ಸಲ್ ಕೇಂದ್ರದವರೆಗೆ ಎರಡೂ ಬದಿ ಅಳೆದು, ವ್ಯತ್ಯಾಸ 1 ಮಿ.ಮೀ. ಒಳಗೆ ತನ್ನಿ. ಇದರಿಂದ ಚಕ್ರ ನೇರವಾಗುತ್ತದೆ, ಸ್ಪ್ರಾಕೆಟ್‌ಗಳು ಒಂದೇ ಸಮತಲಕ್ಕೆ ಬಂದಿವೆ ಎಂದಲ್ಲ. ಅದಕ್ಕೆ ಹಿಂದಿನ ಸ್ಪ್ರಾಕೆಟ್‌ನ ಮುಖಕ್ಕೆ ನೇರವಾದ ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಡಿದು, ಮುಂದಿನ ಸ್ಪ್ರಾಕೆಟ್ ಎಲ್ಲಿ ಬರುತ್ತದೆ ನೋಡಿ. ಎರಡರ ಹಲ್ಲಿನ ದಪ್ಪ ಬೇರೆಯಾಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸ್ಪ್ರಾಕೆಟ್ ಹಲ್ಲುಗಳ ಒಂದೇ ಪಕ್ಕ ಹೊಳೆಯುತ್ತಿದ್ದರೆ, ಚೈನಿನ ಒಳ ಪ್ಲೇಟು ಒಂದೇ ಕಡೆ ಉಜ್ಜಿದ್ದರೆ ತಪ್ಪಿದೆ ಎಂದೇ ಅರ್ಥ. ಇದನ್ನು ಆಕ್ಸಲ್ ಓರೆ ಮಾಡಿ ಸರಿಪಡಿಸಬೇಡಿ. ಸ್ಪ್ರಾಕೆಟ್ ಹಿಂದೆ ಲೇತ್‌ನಲ್ಲಿ ತಿರುಗಿಸಿದ ಸ್ಪೇಸರ್ ಹಾಕಿ, ಅದಕ್ಕೆ ತಕ್ಕಂತೆ ಉದ್ದದ ಬೋಲ್ಟ್ ಬಳಸಿ. ಅಗಲದ ಟೈರ್ ಹಾಕಿದವರು ಚೈನಿಗೂ ಟೈರಿಗೂ ನಡುವೆ 8–10 ಮಿ.ಮೀ. ಜಾಗ ಬಿಡಬೇಕು. ವೇಗದಲ್ಲಿ ಟೈರ್ ಹಿಗ್ಗುತ್ತದೆ, ಚೈನ್ ಪಕ್ಕಕ್ಕೆ ಬಳುಕುತ್ತದೆ.

ಚೈನ್ ಉದ್ದವನ್ನು ಅಂದಾಜಿಗೆ ಕತ್ತರಿಸಬೇಡಿ. ಚೈನ್ ನಂಬರುಗಳಾದ 520, 525, 530 ಮೂರರ ಪಿಚ್ಚೂ (ಒಂದು ಪಿನ್ನಿನಿಂದ ಮುಂದಿನ ಪಿನ್ನಿನ ದೂರ) 15.875 ಮಿ.ಮೀ.; ವ್ಯತ್ಯಾಸವಿರುವುದು ಅಗಲದಲ್ಲಿ, ಹಾಗಾಗಿ ಚೈನಿಗೆ ಅದೇ ನಂಬರಿನ ಸ್ಪ್ರಾಕೆಟ್ ಬೇಕು. 428ರ ಪಿಚ್ 12.7. ಎರಡು ಕೇಂದ್ರಗಳ ದೂರ 620 ಮಿ.ಮೀ., ಹಲ್ಲು 15 ಮತ್ತು 45 ಎಂದುಕೊಳ್ಳಿ. ದೂರದ ಎರಡರಷ್ಟನ್ನು ಪಿಚ್‌ನಿಂದ ಭಾಗಿಸಿದರೆ 78.1, ಹಲ್ಲುಗಳ ಮೊತ್ತದ ಅರ್ಧ 30, ಹಲ್ಲುಗಳ ವ್ಯತ್ಯಾಸವನ್ನು 6.28ರಿಂದ ಭಾಗಿಸಿ, ವರ್ಗ ಮಾಡಿ, ಪಿಚ್‌ನಿಂದ ಗುಣಿಸಿ, ದೂರದಿಂದ ಭಾಗಿಸಿದರೆ ಸುಮಾರು 0.6. ಒಟ್ಟು 108.7 ಲಿಂಕ್. ಲಿಂಕ್ ಸಮಸಂಖ್ಯೆಯೇ ಆಗಬೇಕು: 110 ಆದರೆ ಆಕ್ಸಲ್ 10.5 ಮಿ.ಮೀ. ಹಿಂದಕ್ಕೆ, 108 ಆದರೆ 5.5 ಮಿ.ಮೀ. ಮುಂದಕ್ಕೆ. ಹೊಸ ಚೈನ್ ಹಾಕಿದಾಗ ಆಕ್ಸಲ್ ತನ್ನ ಸೀಳಿನ ಮುಂದಿನ ಮೂರನೇ ಒಂದು ಭಾಗದಲ್ಲಿ ನಿಲ್ಲುವ ಆಯ್ಕೆ ಒಳ್ಳೆಯದು, ಚೈನ್ ಸವೆದಾಗ ಹಿಂದಕ್ಕೆ ಎಳೆಯಲು ಜಾಗ ಉಳಿಯುತ್ತದೆ.

ಚೈನಿನ ಎರಡು ತುದಿ ಸೇರಿಸಲು ದೊಡ್ಡ ಎಂಜಿನ್ನಿಗೆ ಕ್ಲಿಪ್ ಲಿಂಕ್ ಬೇಡ, ಪಿನ್ನಿನ ತಲೆ ಬಡಿದು ಕೂರಿಸುವ ರಿವೆಟ್ ಲಿಂಕ್ ಹಾಕಿ. 520, 525ರಲ್ಲಿ ಬಡಿದ ಪಿನ್ನಿನ ತಲೆ ಸಾಮಾನ್ಯವಾಗಿ 5.5–5.8 ಮಿ.ಮೀ. ಬರಬೇಕು, ತಲೆಯಲ್ಲಿ ಬಿರುಕು ಕಂಡರೆ ಆ ಲಿಂಕ್ ಬಿಸಾಡಿ. ಕ್ಲಿಪ್ಪೇ ಹಾಕುವುದಾದರೆ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ.

ಮಾಮೂಲಿ ಅಡ್ಜಸ್ಟ್‌ಮೆಂಟಿಗೆ ಆಕ್ಸಲ್ ನಟ್ ಸಡಿಲಿಸಿ, ಎರಡೂ ಅಡ್ಜಸ್ಟರ್ ಬೋಲ್ಟ್‌ಗಳನ್ನು ಸಮನಾಗಿ ತಿರುಗಿಸಿ. ಒಂದು ಸುತ್ತಿಗೆ 1.25 ಮಿ.ಮೀ. ಸರಿಯುವ ಎಂ8 ಬೋಲ್ಟ್ ಆದರೆ ಆರನೇ ಒಂದು ಸುತ್ತಿಗೆ ಆಕ್ಸಲ್ ಸುಮಾರು 0.2 ಮಿ.ಮೀ. ಸರಿಯುತ್ತದೆ. ಹಿಂದಿನ ಸ್ಪ್ರಾಕೆಟ್‌ಗೂ ಕೆಳಗಿನ ಚೈನಿಗೂ ನಡುವೆ ಮಡಿಸಿದ ಬಟ್ಟೆ ಇಟ್ಟು ಚಕ್ರವನ್ನು ಮುಂದಕ್ಕೆ ತಿರುಗಿಸಿ ಒತ್ತಿದರೆ ಆಕ್ಸಲ್ ಅಡ್ಜಸ್ಟರಿಗೆ ಕಚ್ಚಿಕೊಳ್ಳುತ್ತದೆ. ಹಾಗೇ ಹಿಡಿದು ನಟ್ ಬಿಗಿ ಮಾಡಿ, ಬಟ್ಟೆ ತೆಗೆಯಿರಿ. ನಟ್ ಬಿಗಿಯಾಗುವಾಗ ಸಡಿಲ ಬದಲಾಗುವುದು ಸಾಮಾನ್ಯ, ಹಾಗಾಗಿ ಮತ್ತೆ ಅಳೆಯಿರಿ. ಎಂಜಿನ್ ಆಫ್ ಇರಲೇಬೇಕು. ಬೈಕ್ ಗೇರ್‌ನಲ್ಲಿ ಓಡುತ್ತಿರುವಾಗ ಚೈನ್ ಒರೆಸುವ ಸೋಮಾರಿತನಕ್ಕೆ ಬೆರಳೇ ಬೆಲೆ.

ತೊಳೆಯಲು ಸೀಮೆಎಣ್ಣೆ, ಮೆತ್ತನೆಯ ಬ್ರಷ್. ಪೆಟ್ರೋಲ್, ತಂತಿ ಬ್ರಷ್ ಚೈನಿನ ಓ-ರಿಂಗ್‌ಗಳನ್ನು (ಪಿನ್ನಿನ ಗ್ರೀಸ್ ಹಿಡಿದಿಡುವ ರಬ್ಬರ್ ಉಂಗುರಗಳನ್ನು) ಹಾಳುಮಾಡುತ್ತವೆ. ಒಣಗಿಸಿ, ಚೈನ್ ಬೆಚ್ಚಗಿರುವಾಗ 80ಡಬ್ಲ್ಯೂ-90 ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇಯನ್ನು ಕೆಳಗಿನ ಚೈನಿನ ಒಳಬದಿಗೆ ಹಾಕಿ, ಹೆಚ್ಚಾದದ್ದನ್ನು ಒರೆಸಿ. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ ದಿನವೇ ಇನ್ನೊಮ್ಮೆ.

ಸವೆತಕ್ಕೆ ಚೈನನ್ನು ಬಿಗಿಯಾಗಿ ಎಳೆದು 21 ಪಿನ್‌ಗಳ, ಅಂದರೆ 20 ಪಿಚ್‌ಗಳ ಉದ್ದ ಅಳೆಯಿರಿ. 520ರ ಗುಂಪಿನಲ್ಲಿ ಹೊಸದು 317.5 ಮಿ.ಮೀ.; 323 ತಲುಪಿದರೆ ಎರಡೂ ಸ್ಪ್ರಾಕೆಟ್ ಸಮೇತ ಬದಲಾಯಿಸಿ. ಹೊಸ ಚೈನ್ ಹಾಕಿದ ಮೇಲೆ ಮೊದಲ 300 ಕಿ.ಮೀ.ಗೆ ಒಮ್ಮೆ ಸಡಿಲ ನೋಡಿ, ಆಗಲೇ ಎಂಜಿನ್ ಮೌಂಟ್ ಬೋಲ್ಟ್‌ಗಳಿಗೂ ಮುಂದಿನ ಸ್ಪ್ರಾಕೆಟ್ ನಟ್ಟಿಗೂ ಸ್ಪ್ಯಾನರ್ ಹಾಕಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಆಕ್ಸಲ್ ಸರಿದ ಪ್ರತಿ ಬಾರಿಯೂ ಬ್ರೇಕ್ ರಾಡ್ ಮರುಹೊಂದಿಸಬೇಕು.