ಕೆರೆಯ ಪಾಚಿಗೆ ಊಟ ಎಲ್ಲಿಂದ? ನನ್ನ ಅನುಭವ

ಉಡುಪಿ ಹತ್ತಿರದ ಹಿರಿಯಡ್ಕದಲ್ಲಿ ನಮ್ಮ ಅಡಿಕೆ ತೋಟ. ಅದರ ತಗ್ಗಿನಲ್ಲಿ ಮುರಕಲ್ಲು ಕಡಿದು ಮಾಡಿದ ಚಿಕ್ಕ ಕೆರೆ. 10 ಮೀಟರ್ ಉದ್ದ, 8 ಮೀಟರ್ ಅಗಲ, ಎರಡೂವರೆ ಮೀಟರ್ ನೀರು. ಅಂದರೆ 2 ಲಕ್ಷ ಲೀಟರ್. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಸ್ಪ್ರಿಂಕ್ಲರಿಗೆ ಇದೇ ನೀರು. ಬಿಸಿಲು ಏರಿದ ಹಾಗೆ ನೀರು ಹಸಿರಾಗುತ್ತಿತ್ತು. ಆಮೇಲೆ ಫಿಲ್ಟರ್ ಕಟ್ಟುವುದು, ಜೆಟ್ ಬಿಚ್ಚಿ ತೊಳೆಯುವುದು, ಇದೇ ಕೆಲಸ.

ಪಾಚಿಗೆ ಬಿಸಿಲು, ಸಾರಜನಕ, ರಂಜಕ (ಫಾಸ್ಫರಸ್) ಬೇಕು. ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ. ಸಾರಜನಕವನ್ನು ಕೆಲವು ನೀಲಿಹಸಿರು ಪಾಚಿಗಳು ಗಾಳಿಯಿಂದಲೇ ಎಳೆದುಕೊಳ್ಳುತ್ತವೆ. ರಂಜಕ ಮಾತ್ರ ಗಾಳಿಯಲ್ಲಿ ಸಿಗುವುದಿಲ್ಲ. 1973ರಲ್ಲಿ ಕೆನಡಾದಲ್ಲಿ ಒಂದು ಕೆರೆಗೆ ನಡುವೆ ಪರದೆ ಕಟ್ಟಿ ನೋಡಿದ್ದರು. ಎರಡೂ ಕಡೆಗೆ ಸಾರಜನಕ, ಇಂಗಾಲ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಹಸಿರಾದದ್ದು ಆ ಕಡೆ ಮಾತ್ರ.

ಇನ್ನು ನಮ್ಮ ಲೆಕ್ಕ. ಲೀಟರಿಗೆ 0.1 ಮಿಲಿಗ್ರಾಂ ರಂಜಕ ಇದ್ದರೆ ನೀರು ಚೆನ್ನಾಗಿ ಹಸಿರಾಗಲು ಸಾಕು. 2 ಲಕ್ಷ ಲೀಟರಿಗೆ ಅದು ಬರೀ 20 ಗ್ರಾಂ. 100 ಗ್ರಾಂ ಡಿಎಪಿ ಗೊಬ್ಬರದಲ್ಲೇ ಅಷ್ಟಿದೆ! ಅಡಿಕೆ ಮರಕ್ಕೆ ವರ್ಷಕ್ಕೆ 100:40:140 ಗ್ರಾಂ (ಸಾರಜನಕ, ರಂಜಕ, ಪೊಟ್ಯಾಷ್) ಗೊಬ್ಬರ ಅಂತ ಶಿಫಾರಸು ಇದೆಯಲ್ಲ, ಆ 40 ರಂಜಕದ ಆಕ್ಸೈಡಿನ ಲೆಕ್ಕ, ಅದರಲ್ಲಿ ನಿಜವಾದ ರಂಜಕ 17 ಗ್ರಾಂ. ಒಂದು ಮರದ ಪಾಲು ಕೆರೆಗೆ ಹೋದರೆ ಇಡೀ ಕೆರೆ ಹಾಳು.

ಹಾಗಾಗಿ ರಂಜಕ ಬರುವ ದಾರಿ ಹುಡುಕಿದೆ. ದೊಡ್ಡ ದಾರಿ ದನದ ಹಟ್ಟಿಯದ್ದು. ಹಟ್ಟಿ ತೊಳೆದ ನೀರು ಇಳಿಜಾರಿನಲ್ಲಿ ಕೆರೆ ಕಡೆಗೇ ಬರುತ್ತಿತ್ತು. ಜೂನ್ ಮೊದಲ ಮಳೆಗೆ ಗೊಬ್ಬರ ಗುಂಡಿಯ ರಸವೂ ಅದರ ಜೊತೆ. ಮೇಲ್ಭಾಗದಲ್ಲಿ ಒಂದು ಅಡಿ ಎತ್ತರದ ಮಣ್ಣಿನ ದಂಡೆ ಹಾಕಿ, ಕಣಿ ತೋಡಿ ಎಲ್ಲವನ್ನೂ ಬಾಳೆಗೆ ತಿರುಗಿಸಿದೆ. ನನ್ನ ಪ್ರಕಾರ ಅರ್ಧ ಕೆಲಸ ಆದದ್ದು ಇದರಿಂದಲೇ. ಕಾಟ್ಲಾ, ರೋಹು ಮೀನುಗಳಿಗೆ ಹಾಕುವ ತೌಡು, ಹಿಂಡಿಯನ್ನೂ ಇಳಿಸಿದೆ. ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಮಿಕ್ಕದ್ದು ತಳದಲ್ಲಿ ಕೊಳೆತು ಪಾಚಿಗೇ ಹೋಗುತ್ತದೆ.

ತಳದ ಕೆಸರಿನ ವಿಷಯ ಸ್ವಲ್ಪ ಬೇರೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಅದು ರಂಜಕವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಆದರೆ ತಳದಲ್ಲಿ ಆಮ್ಲಜನಕ ಮುಗಿದರೆ ಕಬ್ಬಿಣದ ಹಿಡಿತ ಸಡಿಲವಾಗಿ ರಂಜಕ ಮತ್ತೆ ನೀರಿಗೆ ಬರುತ್ತದೆ. ಹೊರಗಿನಿಂದ ಏನೂ ಬಾರದಿದ್ದರೂ ಕೆಲವು ಕೆರೆ ಹಸಿರಾಗುವುದು ಹೀಗೆ. ಅದಕ್ಕೆ ಮೇ ತಿಂಗಳಲ್ಲಿ ನೀರು ತಗ್ಗಿದಾಗ ಕೆಸರು ಎತ್ತಿಸಿ ಅಡಿಕೆ ಬುಡಕ್ಕೆ ಹಾಕುತ್ತೇನೆ. ಬಿದ್ದ ಸೋಗೆ, ಹಾಳೆಗಳನ್ನು ಆಗಾಗ ಹೆಕ್ಕಿದರೆ ಕೆಸರು ಕೂಡುವುದೂ ನಿಧಾನ.

ನೀರಿನ ರಂಜಕ ಹೀರಲಿ ಅಂತ ಅಂಚಿನಲ್ಲಿ ಕೆಸು ನೆಟ್ಟಿದ್ದೇನೆ. ಅಂತರಗಂಗೆಯನ್ನು ಬಿದಿರಿನ ಚೌಕಟ್ಟಿನೊಳಗೆ ಮಾತ್ರ ಬಿಟ್ಟಿದ್ದೇನೆ, ಇಲ್ಲದಿದ್ದರೆ ಅದು ಕೆರೆಯನ್ನೇ ಮುಚ್ಚಿಬಿಡುತ್ತದೆ. ಗಿಡ ಸುಮ್ನೆ ಬೆಳೆದರೆ ಪ್ರಯೋಜನ ಇಲ್ಲ. ಸತ್ತು ಕೊಳೆತರೆ ತಿಂದದ್ದೆಲ್ಲ ವಾಪಸ್. ಬಾಚಿ ಹೊರಗೆ ಹಾಕಬೇಕು. ಕೆಸುವಿನ ಎಲೆ ಹೇಗೂ ಪತ್ರೊಡೆಗೆ ಹೋಗುತ್ತದೆ, ಅದರ ಚಿಂತೆ ಇಲ್ಲ.

ಪಾಚಿ ಸಾಯಲು ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕಿ ಅಂದವರು ತುಂಬ ಜನ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಮಾಡುವ ಮನೆ, ಮೈಲುತುತ್ತು ಕೈಗೇ ಸಿಗುತ್ತದೆ, ಅಲ್ವಾ? ನಾನು ಒಪ್ಪಲಿಲ್ಲ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ನಮ್ಮ ಕಡೆಯ ಮೆದು ನೀರಿನಲ್ಲಿ ತಾಮ್ರ ಮೀನಿಗೆ ಇನ್ನೂ ಹೆಚ್ಚು ವಿಷ. ರಂಜಕ ಮಾತ್ರ ಅಲ್ಲೇ ಉಳಿದು ಮುಂದಿನ ಪಾಚಿಗೆ ಕಾಯುತ್ತದೆ.

ಈಗಲೂ ಏಪ್ರಿಲಿನಲ್ಲಿ ಅಂಚಿಗೆ ನೂಲಿನಂಥ ಪಾಚಿ ಬರುತ್ತದೆ. ಕೋಲಿಗೆ ಸುತ್ತಿ ಎಳೆದು ತೆಂಗಿನ ಬುಡಕ್ಕೆ ಹಾಕಿದರೆ ಆಯಿತು. ಪಂಪಿನ ಫುಟ್‌ವಾಲ್ವನ್ನು ಖಾಲಿ ಕ್ಯಾನಿಗೆ ಕಟ್ಟಿ ಎರಡಡಿ ಕೆಳಗೆ ತೇಲಿ ಬಿಟ್ಟಿದ್ದೇನೆ. ಮೇಲಿನ ಪಾಚಿಯೂ ತಳದ ಕೆಸರೂ ಅದಕ್ಕೆ ಎಟಕುವುದಿಲ್ಲ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದರೆ ಸಾಕಾಗುತ್ತಿದೆ.