ಹಳೆ ಬೆಳ್ಳಿ, ಹಳೆ ಗಡಿಯಾರ: ಕೊಳ್ಳುವ ಮುಂಚೆ ತಳ ನೋಡಿ

ಬೆಳ್ಳಿ ಸಾಮಾನು ಕೈಗೆ ಬಂದ ಕೂಡಲೇ ತಿರುಗಿಸಿ ತಳ ನೋಡಿ. 925 ಎಂಬ ಮುದ್ರೆ ಇದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ‘ಇಪಿಎನ್‌ಎಸ್’ ಅಂತಿದ್ದರೆ ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿ ಲೇಪ ಅಷ್ಟೇ. ಚೆನ್ನಾಗಿದ್ದರೆ ತಗೊಳ್ಳಿ, ಆದರೆ ಬೆಳ್ಳಿ ಬೆಲೆ ಕೊಡಬೇಡಿ. ಕಪ್ಪಾಗಿದೆ ಅಂತ ಸುಮ್ನೆ ಜೋರಾಗಿ ಉಜ್ಜಲೂ ಬೇಡಿ. ಲೇಪ ಸವೆದು ಒಳಗಿನ ಲೋಹ ಇಣುಕುತ್ತದೆ, ಸೂಕ್ಷ್ಮ ಕೆತ್ತನೆಯೂ ಮಾಸುತ್ತದೆ.

ಲೋಲಕದ ಗಡಿಯಾರ ಸಾಗಿಸುವುದಾದರೆ ಮೊದಲು ಲೋಲಕ ಕಳಚಿ, ಬಟ್ಟೆಯಲ್ಲಿ ಸುತ್ತಿಡಿ. ಅದು ನೇತಾಡುವುದು ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯಲ್ಲಿ. ದಾರಿಯಲ್ಲಿ ಕುಲುಕಿದರೆ ಪಟ್ಟಿ ಮುರಿಯುತ್ತದೆ (ನಾನೇ ಒಂದು ಮುರಿದುಕೊಂಡಿದ್ದೇನೆ!). ಗಂಟೆ ಹೊಡೆಯುವ ಹಳೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ. ನಿಧಾನವಾಗಿ ಮುಂದಕ್ಕೆ ತಿರುಗಿಸುತ್ತಾ, ಪ್ರತಿ ಸಲವೂ ಗಂಟೆ ಹೊಡೆದು ಮುಗಿಯುವವರೆಗೆ ಕಾಯಿರಿ.